ಅವಸರ, ಅವಕಾಶ, ಅವಕಾಶಿ: ನೆರೆನುಡಿಗಳಲ್ಲಿ ಹೋಲುವ ಪದಗಳು

ಸಭಿಕರೇ,

ಕಾಸರಗೋಡಿನ ಪೇಟೆಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ನುಡಿಗಳು ಒಟ್ಟಿಗೇ ಕೇಳಿಬರುವುದರಿಂದ, ಒಂದೇ ರೂಪದ ಪದ ಎರಡು ಅರ್ಥದಲ್ಲಿ ಓಡಾಡುವುದು ನಮಗೆ ಹೊಸದಲ್ಲ. ಆದರೆ ಪದಗಳು ಒಂದನ್ನೊಂದು ಹೋಲುವುದಕ್ಕೆ ಕಾರಣ ಒಂದೇ ಅಲ್ಲ. ಆ ಕಾರಣಗಳನ್ನು ಬೆರೆಸಿಕೊಂಡರೆ ಪದದ ಮೂಲವೂ ಕೈತಪ್ಪುತ್ತದೆ, ಅರ್ಥವೂ ಕೈತಪ್ಪುತ್ತದೆ.

ಹುಲಿಗೆ ತುಳುವಿನಲ್ಲಿ ಪಿಲಿ, ಮಲಯಾಳದಲ್ಲಿ ಪುಲಿ. ಹೂವಿಗೆ ಎರಡರಲ್ಲಿಯೂ ಪೂ. ಹಳಗನ್ನಡದಲ್ಲಿಯೂ ಇವು ಪುಲಿ, ಪೂ ಎಂದೇ ಇದ್ದವು; ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ಕನ್ನಡದ ಪದಾದಿಯ ಪಕಾರ ಹಕಾರವಾಗುತ್ತ ಬಂದಿತು. ಹಾಗೆಯೇ ನಮ್ಮ ಬೇರು ಮಲಯಾಳದ ವೇರ್, ನಮ್ಮ ಬೆಳ್ಳಿ ಅಲ್ಲಿಯ ವೆಳ್ಳಿ. ಕಿವಿಗೆ ಅವರು ಚೆವಿ ಎನ್ನುತ್ತಾರೆ, ಕೆರೆಗೆ ಚಿರ ಎನ್ನುತ್ತಾರೆ. ಇಲ್ಲಿ ಹಳೆಯ ಕಕಾರವನ್ನು ಉಳಿಸಿಕೊಂಡದ್ದು ಕನ್ನಡ, ತುಳುವಿನ ಕೆಬಿಯೂ ಅದಕ್ಕೆ ಸಾಕ್ಷಿ. ರೂಪ ಇಷ್ಟು ಬದಲಾದರೂ ಬದಲಾವಣೆ ಪದದಿಂದ ಪದಕ್ಕೆ ಒಂದೇ ಕ್ರಮದಲ್ಲಿ ನಡೆದಿರುವುದರಿಂದ ಇವು ಒಡಹುಟ್ಟಿದವು ಎಂದು ಧೈರ್ಯವಾಗಿ ಹೇಳಬಹುದು. ಇದಕ್ಕೆ ವಿರುದ್ಧವಾಗಿ, ಮಲಯಾಳದಲ್ಲಿ ನಾಯಿಗೆ ಹೇಳುವ ಪಟ್ಟಿಗೂ ನಾವು ಸಾಮಾನಿಗೆ ಬರೆಯುವ ಪಟ್ಟಿಗೂ ರೂಪ ಒಂದೇ, ಸಂಬಂಧ ಮಾತ್ರ ಇಲ್ಲ. ನಮ್ಮದು ಸಂಸ್ಕೃತದ ಪಟ್ಟಿಕಾದಿಂದ ಬಂದದ್ದು.

ಒಡಹುಟ್ಟಿದ ಪದಗಳೂ ಅರ್ಥದಲ್ಲಿ ದೂರ ಸರಿಯುವುದುಂಟು. ನಮ್ಮ ಹನಿ, ತುಳುವಿನ ಪನಿ, ತಮಿಳಿನ ಪನಿ, ಮಲಯಾಳದ ಪನಿ ಎಲ್ಲವೂ ಒಂದೇ ಮೂಲದವು. ತುಳುವಿನಲ್ಲಿ ಅದು ಹನಿಮಳೆ, ತಮಿಳಿನಲ್ಲಿ ಇಬ್ಬನಿ ಮತ್ತು ಚಳಿ, ಮಲಯಾಳದಲ್ಲಿ ಜ್ವರ. ತೊಟ್ಟು ನೀರಿನಿಂದ ಇಬ್ಬನಿಗೆ, ಇಬ್ಬನಿಯಿಂದ ಚಳಿಗೆ, ಚಳಿಯಿಂದ ಚಳಿಜ್ವರಕ್ಕೆ ಅರ್ಥ ನಡೆದುಬಂದ ದಾರಿಯನ್ನು ನಾಲ್ಕು ನುಡಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಕಾಣಬಹುದು. ಹಾಗೆ ಒಟ್ಟಿಗೆ ಇಟ್ಟು ನೋಡುವ ಸಾಧನಗಳು ಸಿದ್ಧವಾದದ್ದು ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಎಂಬುದನ್ನು ನಾವು ನೆನೆಯಬೇಕು: ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ, ಮೂರೂ ಮಂಗಳೂರಿನ ಬಾಸೆಲ್ ಮಿಷನ್ನಿನಿಂದಲೇ ಹೊರಬಂದವು.

ಹೆಚ್ಚು ತೊಡಕಿನವು ಸಂಸ್ಕೃತದಿಂದ ಬಂದ ಪದಗಳು, ಏಕೆಂದರೆ ಅವುಗಳ ರೂಪ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ನಾನೀಗ ಮಾಡುತ್ತಿರುವುದು ನಮಗೆ ಉಪನ್ಯಾಸ; ಹಿಂದಿಯವರಿಗೆ ಉಪನ್ಯಾಸವೆಂದರೆ ಕಾದಂಬರಿ. ನಮ್ಮ ಶಿಕ್ಷೆ ದಂಡನೆಯಾದರೆ ಹಿಂದಿಯ ಶಿಕ್ಷಾ ವಿದ್ಯೆ. ಕಲಿಕೆ ಎಂಬ ಮೂಲಾರ್ಥವನ್ನು ನಾವು ಶಿಕ್ಷಣ ಎಂಬ ರೂಪದಲ್ಲಿ ಉಳಿಸಿಕೊಂಡೆವು. ನಮಗೆ ಮನೆಮಂದಿಯಾದ ಸಂಸಾರ ಮಲಯಾಳದಲ್ಲಿ ಮಾತುಕತೆಯಾಗಿದೆ.

ಇವುಗಳಲ್ಲೆಲ್ಲ ಕಾಸರಗೋಡಿನ ಕನ್ನಡಿಗರಿಗೆ ಮುಖ್ಯವಾದದ್ದು ಅವಸರ ಮತ್ತು ಅವಕಾಶಗಳ ಜೋಡಿ ಎಂದು ನನ್ನ ಅಭಿಪ್ರಾಯ. ಸಂಸ್ಕೃತದಲ್ಲಿ ಅವಸರವೆಂದರೆ ತಕ್ಕ ಸಮಯ, ಸಂದರ್ಭ. ಮಲಯಾಳದ ಅವಸರಂ ಆ ಅರ್ಥಕ್ಕೆ ಹತ್ತಿರವಾಗಿಯೇ ಉಳಿದಿದೆ. ತೆಲುಗಿನಲ್ಲಿ ಅದು ಅಗತ್ಯವಾಯಿತು, ನಮ್ಮಲ್ಲಿ ಗಡಿಬಿಡಿಯಾಯಿತು. ಮಲಯಾಳದವರು ಅವಸರಂ ಎನ್ನುವಲ್ಲಿ ನಾವು ಅವಕಾಶ ಎನ್ನುತ್ತೇವೆ. ಅವರ ಅವಕಾಶಂ ಮಾತ್ರ ಹಕ್ಕು: ನಮ್ಮ ಮಾಹಿತಿ ಹಕ್ಕು ಅಲ್ಲಿ ವಿವರಾವಕಾಶಂ, ಮಾನವ ಹಕ್ಕು ಮನುಷ್ಯಾವಕಾಶಂ. ಹಕ್ಕು ಎಂಬುದು ಅರಬ್ಬೀ ಮೂಲದ್ದಾದರೂ ಕನ್ನಡದಲ್ಲಿ ಚೆನ್ನಾಗಿ ಬೇರುಬಿಟ್ಟ ಪದ.

1956ರಲ್ಲಿ ಈ ನಾಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿಯ ಕನ್ನಡಿಗರು ಮಲಯಾಳದಲ್ಲಿ ಹುಟ್ಟಿದ ಕಾಗದಪತ್ರಗಳೊಂದಿಗೇ ವ್ಯವಹರಿಸಬೇಕಾಗಿದೆ. ಅಂಥ ಪತ್ರವನ್ನು ಕನ್ನಡಕ್ಕೆ ತರುವವರು ಲಿಪಿಯನ್ನಷ್ಟೇ ಬದಲಿಸಿ ಅವಕಾಶ ಎಂದು ಬರೆದರೆ, ಕಾನೂನು ಕೊಟ್ಟ ಹಕ್ಕು ಓದುವವರಿಗೆ ಯಾರೋ ದಯಪಾಲಿಸಿದ ಅನುಕೂಲದಂತೆ ತೋರುತ್ತದೆ. ಆಸ್ತಿಯ ಪತ್ರದಲ್ಲಿ ಬರುವ ಅನಂತರಾವಕಾಶಿ ಇನ್ನೂ ಕಷ್ಟದ ಪದ. ಅದನ್ನು ವಾರಸುದಾರ ಎಂದೇ ಬರೆಯಬೇಕು.