ಬಫರ್ ಸ್ಥಾನ ತಪ್ಪಿದರೆ ಸದ್ದು ತೊದಲುತ್ತದೆ

ಕೇಳುಗರಿಗೆ ನಮಸ್ಕಾರ. ತುಮಕೂರಿನ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವ ಒಂದು ಲಿನಕ್ಸ್ ಬೋರ್ಡ್ ಇದೆ ಅಂದುಕೊಳ್ಳಿ. ‘ಶಿರಾ, ಮಧುಗಿರಿ, ಪಾವಗಡ’ ಅನ್ನಬೇಕಾದದ್ದು ‘ಮಧು ಮಧುಗಿರಿ’ ಅಂತ ತೊದಲುತ್ತದೆ. ಸ್ಪೀಕರ್ ಬಿಚ್ಚುವ ಮೊದಲು, ಸೌಂಡ್ ಚಿಪ್ ನಡೆಸುವ ತಂತ್ರಾಂಶವಾದ ಡ್ರೈವರ್ ಹೇಳುತ್ತಿರುವ ಬಫರ್ ಸ್ಥಾನ ನೋಡಿ. ಅಂದರೆ, ನುಡಿಸಲು ಸದ್ದು ತುಂಬಿಟ್ಟ ಮೆಮೊರಿಯಲ್ಲಿ ಈಗ ಯಾವ ಜಾಗದ ಸದ್ದು ಓಡುತ್ತಿದೆ ಅನ್ನುವುದು.

ಎಲ್ಲ ಚಾನೆಲ್‌ಗಳ ಒಂದೊಂದು ಸ್ಯಾಂಪಲ್ ಸೇರಿದರೆ ಒಂದು ಫ್ರೇಮ್. ಬಫರಿನ ಒಂದು ತುಂಡು ಪಿರಿಯಡ್; ಅದು ಮುಗಿದಾಗಲೆಲ್ಲ ಚಿಪ್ ಇಂಟರಪ್ಟ್ ಎಂಬ ಸೂಚನೆ ಕಳಿಸುತ್ತದೆ. ಬಫರ್ 9600 ಫ್ರೇಮ್, ಪಿರಿಯಡ್ 2400 ಇರಲಿ. ಸೆಕೆಂಡಿಗೆ 48000 ಫ್ರೇಮ್‌ನಂತೆ ಇಡೀ ಬಫರ್ 200 ಮಿಲಿಸೆಕೆಂಡ್ ಸದ್ದು. ಪ್ರೊಸೆಸರ್ ನೆರವಿಲ್ಲದೆ ಮೆಮೊರಿಯಿಂದ ಸದ್ದು ಒಯ್ಯುವ ಡಿಎಂಎ ಈ ಬಫರಿನಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಅದು ಎಲ್ಲಿದೆ ಅಂತ ಲಿನಕ್ಸಿನ ಸದ್ದಿನ ವ್ಯವಸ್ಥೆಯಾದ ಆಲ್ಸಾ ಕೇಳಿದಾಗ, ಡ್ರೈವರಿನಲ್ಲಿ ಸ್ಥಾನ ಹೇಳುವ ಫಂಕ್ಷನ್ ಆದ ಪಾಯಿಂಟರ್ ಕಾಲ್‌ಬ್ಯಾಕ್ 0ಯಿಂದ 9599ರೊಳಗೆ, ಫ್ರೇಮ್ ಲೆಕ್ಕದಲ್ಲಿ ಉತ್ತರ ಕೊಡಬೇಕು. 16 ಬಿಟ್ ಸ್ಟೀರಿಯೋದಲ್ಲಿ ಫ್ರೇಮಿಗೆ 4 ಬೈಟ್. ಮರೆತು ಬೈಟನ್ನೇ ಕೊಟ್ಟರೆ ಕಾಲು ಬಫರ್ ಮುಗಿಯುವಷ್ಟರಲ್ಲಿ ಸಂಖ್ಯೆ 9600 ಮುಟ್ಟುತ್ತದೆ. ಕರ್ನಲ್ ‘ಇನ್‌ವ್ಯಾಲಿಡ್ ಪೊಸಿಷನ್’ ಅಂತ ಲಾಗ್ ಬರೆದು ಸ್ಥಾನ 0 ಅಂತಲೇ ಹಿಡಿಯುತ್ತದೆ. ಬಾಕಿ ಬೈಟುಗಳನ್ನು ಕಳೆದು ಸ್ಥಾನ ಕಂಡುಹಿಡಿಯುವ ಡ್ರೈವರಿನಲ್ಲೂ ಇದೇ ಗತಿ: ಬಾಕಿ 0 ಆದ ಗಳಿಗೆ ಉತ್ತರ 9600. ಅಲ್ಲಿ 0 ಕೊಡಿ. ಲಾಗ್ ಇರುವುದರಿಂದ ಇವು ಬೇಗ ಸಿಕ್ಕಿಬೀಳುತ್ತವೆ.

ಆಗೊಮ್ಮೆ ಈಗೊಮ್ಮೆ ಬರುವ ತಪ್ಪೇ ಜೀವ ಹಿಂಡುವುದು. ಕೆಲವು ಚಿಪ್‌ಗಳಲ್ಲಿ ಪಿರಿಯಡ್ ಸಂಖ್ಯೆ ಒಂದು ರಿಜಿಸ್ಟರಿನಲ್ಲಿ, ಅದರೊಳಗಿನ ದೂರ ಇನ್ನೊಂದರಲ್ಲಿ. ಹಿಂದಿನ ಸಲ ಹೇಳಿದ್ದು 4700. ಈಗ ಸಂಖ್ಯೆ ಓದಿದಿರಿ, 1 (ಎಣಿಕೆ 0ಯಿಂದ). ದೂರ ಓದುವಷ್ಟರಲ್ಲಿ ಡಿಎಂಎ ಗಡಿ ದಾಟಿತು, ದೂರ 5. ನಿಜವಾದ ಸ್ಥಾನ 4805. ನೀವು ಹೇಳಿದ್ದು 2405. ಸ್ಥಾನ ಹಿಂದಕ್ಕೆ ಬಂತೆಂದು ಆಲ್ಸಾ ನಂಬುವುದಿಲ್ಲ, ಒಂದು ಸುತ್ತು ಮುಗಿಯಿತು ಅಂದುಕೊಳ್ಳುತ್ತದೆ. 105 ಫ್ರೇಮ್ ಓಡಿದ ಕಡೆ 7305 ಓಡಿದ ಲೆಕ್ಕ! ಅಷ್ಟು ಸದ್ದು ಬಫರಿನಲ್ಲಿ ತುಂಬಿರದಿದ್ದರೆ ಸದ್ದು ಖಾಲಿಯಾಯಿತೆಂಬ ಸುಳ್ಳು ಅಂಡರ್‌ರನ್. ಎಕ್ಸ್‌ರನ್ ಡೀಬಗ್ ಆಯ್ಕೆ ಹಾಕಿದ್ದರೆ, ಕರ್ನಲಿನ ಸಮಯದ ಎಣಿಕೆಯಾದ ಜಿಫೀಸ್ ಜೊತೆ ತಾಳೆ ನೋಡಿ ಕರ್ನಲ್ ಇದನ್ನು ಹಿಡಿಯುವುದುಂಟು, ಆದರೆ ಸ್ಥಾನವನ್ನು ದೊಡ್ಡ ಕಂತುಗಳಲ್ಲಿ ಹೇಳುವವು ಅನ್ನುವ ಬ್ಯಾಚ್ ಗುರುತಿರುವ ಡ್ರೈವರಿಗೆ ಆ ತಪಾಸಣೆಯೇ ಇಲ್ಲ.

ಪರಿಹಾರಕ್ಕೆ ನಾಲ್ಕು ಸಾಲು ಸಾಕು. ಸಂಖ್ಯೆ ಓದಿ, ದೂರ ಓದಿ, ಸಂಖ್ಯೆಯನ್ನು ಮತ್ತೆ ಓದಿ. ಎರಡು ಸಂಖ್ಯೆ ಹೊಂದದಿದ್ದರೆ ಪುನಃ ಓದಿ. ಇಂಟರಪ್ಟ್ ಬಂದಾಗಲೆಲ್ಲ 2400 ಕೂಡಿಸುವ ಅಡ್ಡದಾರಿ ಬೇಡ. ಒಂದು ಇಂಟರಪ್ಟ್ ತಪ್ಪಿದರೆ ಲೆಕ್ಕ 50 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ.

ಪಾಯಿಂಟರ್ ಕಾಲ್‌ಬ್ಯಾಕಿನೊಳಗೆ ಸ್ಪಿನ್‌ಲಾಕ್ (ಬಿಟ್ಟುಕೊಡುವವರೆಗೆ ಇತರರನ್ನು ಕಾಯಿಸುವ ಬೀಗ) ಹಿಡಿಯುತ್ತೀರಾದರೆ, ಇಂಟರಪ್ಟಿನಲ್ಲಿ ಅದೇ ಲಾಕ್ ಬಿಟ್ಟ ಮೇಲೆಯೇ ಪಿರಿಯಡ್ ಮುಗಿಯಿತು ಅಂತ ಆಲ್ಸಾಕ್ಕೆ ತಿಳಿಸಿ. ಆ ಕರೆ ನಿಮ್ಮ ಪಾಯಿಂಟರನ್ನೇ ಮತ್ತೆ ಕರೆಯುತ್ತದೆ. ಲಾಕ್ ಕೈಯಲ್ಲಿದ್ದರೆ ಬೋರ್ಡ್ ಅಲ್ಲೇ ನಿಂತುಬಿಡುತ್ತದೆ.