ಲಕ್ಷ ಕಿಲೋಮೀಟರ್ ದಾಟಿದ ಸ್ಪೋರ್ಟ್ಸ್ ಕಾರು: ಕೆಡುವ ಮೊದಲೇ ಮಾಡುವ ಕೆಲಸ

ಎಲ್ಲರಿಗೂ ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರು ಅಂದ ತಕ್ಷಣ ಎಲ್ಲರ ಕಣ್ಣೂ ಓಡೋಮೀಟರ್ ಮೇಲೆ ಬೀಳುತ್ತದೆ. ಆ ಅಂಕಿಗೆ ಅಷ್ಟು ಹೆದರಬೇಕಾಗಿಲ್ಲ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿ ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಕಾರು, ನಲವತ್ತು ಸಾವಿರ ಓಡಿ ವರ್ಷಗಟ್ಟಲೆ ನಿಂತೇ ಇದ್ದ ಕಾರಿಗಿಂತ ಎಷ್ಟೋ ಸಲ ಗಟ್ಟಿಯಾಗಿರುತ್ತದೆ. ಉಕ್ಕು ಅಷ್ಟು ಸುಲಭವಾಗಿ ಸೋಲುವುದಿಲ್ಲ. ಮೊದಲು ಸೋಲುವುದು ರಬ್ಬರು, ಪ್ಲಾಸ್ಟಿಕ್ಕು ಮತ್ತು ಒಳಗೆ ತುಂಬಿದ ದ್ರವಗಳು. ಸ್ಪೋರ್ಟ್ಸ್ ಕಾರಿನ ಬಾನೆಟ್ ಒಳಗೆ ಶಾಖ ಹೆಚ್ಚು, ಜಾಗ ಕಡಿಮೆ. ಹಾಗಾಗಿ ಇವು ಬೇಗ ಸೋಲುತ್ತವೆ, ಬದಲಿಸಲು ಹೋದರೆ ಕೈಯೂ ಹೋಗುವುದಿಲ್ಲ.

ಇಲ್ಲಿ ದುಡ್ಡು ಹೋಗುವುದು ಬಿಡಿಭಾಗಕ್ಕಿಂತ ಅಲ್ಲಿಗೆ ತಲುಪುವ ಕೂಲಿಗೆ. ಅದಕ್ಕೇ ಕಿಲೋಮೀಟರ್ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿ ಇಟ್ಟುಕೊಳ್ಳಿ: ಯಾವ ಜಾಗ ಬಿಚ್ಚಿದಾಗ ಏನೇನು ಕೈಗೆ ಸಿಗುತ್ತದೆ ಅಂತ. ಒಮ್ಮೆ ಬಿಚ್ಚಿದ ಮೇಲೆ ಅಲ್ಲಿರುವ ಸವೆಯುವ ಭಾಗಗಳನ್ನೆಲ್ಲ ಮುಗಿಸಿಬಿಡಬೇಕು.

ಆದರೆ ಯಾವುದಕ್ಕೂ ಮೊದಲು ಇಂಜಿನ್‌ನ ಈಗಿನ ಸ್ಥಿತಿ ಗೊತ್ತಾಗಬೇಕು. ಪ್ಲಗ್ ತೂತಿಗೆ ಗೇಜ್ ಹಾಕಿ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿ. ಇಂಜಿನ್ ಬಿಸಿಯಾಗಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ತೆಗೆದಿರಬೇಕು, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪ್ ಎರಡನ್ನೂ ನಿಷ್ಕ್ರಿಯ ಮಾಡಿರಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಪ್ರತಿ ಸಿಲಿಂಡರ್‌ಗೂ ಸ್ಟಾರ್ಟರ್ ಅನ್ನು ಒಂದೇ ಅವಧಿ ತಿರುಗಿಸಿ. ಥ್ರಾಟಲ್ ಮುಚ್ಚಿದ್ದರೆ ಗಾಳಿ ಸಿಗದೆ ಎಲ್ಲ ಸಿಲಿಂಡರ್‌ಗಳೂ ಕಡಿಮೆ ತೋರಿಸುತ್ತವೆ. ಒಳ್ಳೆಯ ಇಂಜಿನ್‌ಗೆ ಕೆಟ್ಟ ಹೆಸರು ಬರುವುದು ಎಷ್ಟೋ ಸಲ ಹೀಗೆಯೇ. ಕಂಪನಿ ಹೇಳಿದ ಕನಿಷ್ಠ ಅಂಕಿ ಎಷ್ಟು ಮುಖ್ಯವೋ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೂ ಅಷ್ಟೇ ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ 15ಕ್ಕಿಂತ ಹೆಚ್ಚು ಕೆಳಗಿದ್ದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ. ಮಜ್ದಾ ಆರ್‌ಎಕ್ಸ್-8ರಲ್ಲಿರುವಂಥ, ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ರೋಟರಿ ಇಂಜಿನ್‌ಗೆ ಸಾಮಾನ್ಯ ಗೇಜ್ ಸಾಲದು. ಅದರ ಪ್ರತಿ ರೋಟರ್‌ಗೂ ಮೂರು ಮುಖಗಳಿವೆ. ಮೂರನ್ನೂ ಬೇರೆ ಬೇರೆಯಾಗಿ ಅಳೆಯುವ ಸಾಧನವೇ ಬೇಕು.

ಈಗ ಆಯಿಲ್. ಹೆಚ್ಚು ಓಡಿದ, ಹೆಚ್ಚು ಆರ್‌ಪಿಎಂನಲ್ಲಿ ಓಡುವ ಇಂಜಿನ್‌ಗೆ 15,000 ಕಿಲೋಮೀಟರ್ ತನಕ ಕಾಯುವುದು ಬೇಡ. 7,000–8,000ಕ್ಕೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸಿ. ಗ್ರೇಡ್ ವಿಷಯದಲ್ಲಿ ‘ಹಳೆಯ ಇಂಜಿನ್‌ಗೆ ದಪ್ಪ ಆಯಿಲ್’ ಅನ್ನುವ ಮಾತನ್ನು ನಂಬಿ ಕಂಪನಿ ಹೇಳಿದ್ದನ್ನು ಬಿಡಬೇಡಿ. ಬಿಎಂಡಬ್ಲ್ಯು ಇ46 ಎಂ3ರ ಎಸ್54 ಇಂಜಿನ್‌ಗೆ 10ಡಬ್ಲ್ಯು-60 ಹೇಳಿದ್ದಾರೆ ಅಂದರೆ ಅದು ಆ ಇಂಜಿನ್‌ನ ಬೇರಿಂಗ್ ಮತ್ತು ಶಾಖದ ಲೆಕ್ಕ. ಅದೇ ಆಯಿಲ್ ಇನ್ನೊಂದು ಇಂಜಿನ್‌ಗೆ ತಣ್ಣಗಿರುವಾಗ ತೀರಾ ಮಂದವಾಗಬಹುದು.

ಬಿಚ್ಚಿದ ಫಿಲ್ಟರ್ ಎಸೆಯಬೇಡಿ. ಫಿಲ್ಟರ್ ಕಟರ್‌ನಿಂದ ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಗರಗಸ ಬೇಡ, ಅದರ ಪುಡಿಯೇ ನಿಮ್ಮನ್ನು ಮೋಸ ಮಾಡುತ್ತದೆ. ಮಿನುಗುವ ಚೂರು ಕಂಡರೆ ಆಯಸ್ಕಾಂತ ತೋರಿಸಿ. ಅಂಟಿಕೊಂಡರೆ ಉಕ್ಕು: ಚೈನ್, ಕ್ಯಾಮ್, ಆಯಿಲ್ ಪಂಪ್ ಕಡೆ ಅನುಮಾನಿಸಿ. ಅಂಟದೆ ತಾಮ್ರದ ಬಣ್ಣ ಹೊಳೆದರೆ ಅದು ಬೇರಿಂಗ್ ಶೆಲ್‌ನ ಒಳಪದರವಿರಬಹುದು. ಅಂಥ ಕಾರನ್ನು ಹಾಗೇ ಓಡಿಸಬೇಡಿ. ಎಸ್54ರಲ್ಲಿ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆಯುವುದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. ಶಬ್ದ ಬಂದ ಮೇಲೆ ಮಾಡಿದರೆ ಕ್ರ್ಯಾಂಕ್‌ಶಾಫ್ಟೂ ಹೋಗಿರುತ್ತದೆ. ಮೊದಲೇ ಮಾಡುವುದಾದರೆ ಇಂಜಿನ್ ಅನ್ನು ಮೇಲಿನಿಂದ ಹಿಡಿದು, ಮುಂದಿನ ಸಬ್‌ಫ್ರೇಮ್ ಇಳಿಸಿ, ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ತೆಗೆದು ಕೆಳಗಿನಿಂದಲೇ ಶೆಲ್ ಬದಲಿಸಬಹುದು. ಆ ಸ್ಥಿತಿಯಲ್ಲಿ ಇಂಜಿನ್ ಮೌಂಟ್, ಸಂಪ್ ಗ್ಯಾಸ್ಕೆಟ್ ಎರಡೂ ಕೈಗೆಟುಕುತ್ತವೆ. ರಾಡ್ ಬೋಲ್ಟ್‌ಗಳನ್ನು ಮಾತ್ರ ಮತ್ತೆ ಬಳಸುವಂತಿಲ್ಲ, ಅವು ಒಮ್ಮೆ ಎಳೆದುಕೊಂಡರೆ ಮುಗಿಯಿತು.

ಇಂಜಿನ್‌ಗಳನ್ನು ಕೊಲ್ಲುವುದರಲ್ಲಿ ಕೂಲಿಂಗ್ ವ್ಯವಸ್ಥೆಗೆ ದೊಡ್ಡ ಪಾಲಿದೆ. ರೇಡಿಯೇಟರ್‌ನ ಪಕ್ಕದ ಟ್ಯಾಂಕ್, ಥರ್ಮೋಸ್ಟಾಟ್ ಗೂಡು, ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಎಲ್ಲವೂ ಪ್ಲಾಸ್ಟಿಕ್. ಸಾವಿರಾರು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಅವು ಗಡುಸಾಗಿ, ಮುನ್ಸೂಚನೆ ಇಲ್ಲದೆ ಸೀಳುತ್ತವೆ. ನೀರು ಹೋದ ಮೇಲೆ ಟೆಂಪರೇಚರ್ ಮುಳ್ಳನ್ನು ನಂಬುವಂತಿಲ್ಲ: ಸೆನ್ಸರ್ ಕೂಲೆಂಟ್‌ನಲ್ಲಿ ಮುಳುಗಿಲ್ಲದಿದ್ದರೆ ಸರಿಯಾಗಿ ಅಳೆಯದು. ಅಷ್ಟರಲ್ಲಿ ಅಲ್ಯುಮಿನಿಯಂ ಹೆಡ್ ಬಾಗಿರುತ್ತದೆ. ಆದ್ದರಿಂದ ಲಕ್ಷದ ಹತ್ತಿರ ಬಂದಾಗ ರೇಡಿಯೇಟರ್, ಟ್ಯಾಂಕ್, ಕ್ಯಾಪ್, ಥರ್ಮೋಸ್ಟಾಟ್, ವಾಟರ್ ಪಂಪ್ ಮತ್ತು ಎಲ್ಲ ಹೋಸ್‌ಗಳನ್ನು ಒಂದೇ ಸಲ ಬದಲಿಸಿ. ಒಂದನ್ನೇ ಹೊಸದು ಮಾಡಿದರೆ ಒತ್ತಡ ಪಕ್ಕದ ಹಳೆಯದನ್ನು ಹುಡುಕಿಕೊಂಡು ಹೋಗುತ್ತದೆ. ಕಂಪನಿ ಹೇಳಿದ ಬಗೆಯ ಕೂಲೆಂಟ್‌ಗೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಸೇರಿಸಿ. ಬಣ್ಣ ಒಂದೇ ಇದೆ ಅಂತ ಬೇರೆ ಬಗೆಯದನ್ನು ಬೆರೆಸಬೇಡಿ. ತುಂಬುವಾಗ ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಬ್ಲೀಡ್ ಸ್ಕ್ರೂನಿಂದ ಗುಳ್ಳೆ ಬರುವುದು ನಿಲ್ಲುವ ತನಕ ಗಾಳಿ ಬಿಡಿ. ಇಂಜಿನ್ ಮಧ್ಯದಲ್ಲೋ ಹಿಂದೆಯೋ ಇದ್ದು ರೇಡಿಯೇಟರ್ ಮುಂದಿರುವ ಕಾರುಗಳಲ್ಲಿ ಪೈಪು ಉದ್ದ, ಗಾಳಿ ಸಿಕ್ಕಿಕೊಳ್ಳುವುದೂ ಹೆಚ್ಚು. ಅಲ್ಲಿ ವ್ಯಾಕ್ಯೂಮ್ ಫಿಲ್ಲರ್‌ನಲ್ಲಿ ತುಂಬುವುದೇ ಮೇಲು.

ಕ್ರ್ಯಾಂಕ್ ಮತ್ತು ಕ್ಯಾಮ್ ಅನ್ನು ಜೋಡಿಸುವ ರಬ್ಬರಿನ ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಕಿಲೋಮೀಟರ್ ಜೊತೆ ವರ್ಷವನ್ನೂ ಎಣಿಸಿ. ಓಡಲಿ, ನಿಂತಿರಲಿ, ರಬ್ಬರಿಗೆ ವಯಸ್ಸಾಗುತ್ತದೆ. ಪಿಸ್ಟನ್ ಮತ್ತು ವಾಲ್ವ್ ಒಂದೇ ಜಾಗವನ್ನು ಸರದಿಯಲ್ಲಿ ಬಳಸುವ ಇಂಜಿನ್‌ನಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳು ಬಾಗುವುದು ಖಂಡಿತ. ಬೆಲ್ಟ್ ಜೊತೆಗೆ ಟೆನ್ಷನರ್, ಐಡ್ಲರ್ ಪುಲ್ಲಿ, ಕ್ಯಾಮ್ ಮತ್ತು ಕ್ರ್ಯಾಂಕ್‌ನ ಮುಂದಿನ ಆಯಿಲ್ ಸೀಲ್, ಬೆಲ್ಟ್‌ನಿಂದ ತಿರುಗುವುದಾದರೆ ವಾಟರ್ ಪಂಪ್ ಸಹ ಹೊಸದಾಗಬೇಕು. ಹಳೆಯ ಸೀಲಿನಿಂದ ಆಯಿಲ್ ಸೋರಿದರೆ ಹೊಸ ಬೆಲ್ಟೂ ಬಾಳದು. ಗುರುತುಗಳನ್ನು ಕೂಡಿಸಿ ಬೆಲ್ಟ್ ಹಾಕಿದ ಮೇಲೆ ಸ್ಟಾರ್ಟರ್ ಮುಟ್ಟಬೇಡಿ. ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಇಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳನ್ನು ಮತ್ತೆ ನೋಡಿ. ಮಧ್ಯೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಿ. ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು. ಚೈನ್ ಇದ್ದವರೂ ನಿಶ್ಚಿಂತರಾಗಬೇಕಿಲ್ಲ. ಅದರ ಗೈಡ್ ಪ್ಲಾಸ್ಟಿಕ್ಕಿನದು, ಟೆನ್ಷನರ್ ಹಲವೆಡೆ ಆಯಿಲ್ ಒತ್ತಡದಿಂದ ನಿಲ್ಲುವಂಥದ್ದು. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ಗಲಗಲ ಸದ್ದು ಬಂದು ನಿಂತರೆ ಅಲ್ಲಿಂದ ಹುಡುಕಾಟ ಶುರುಮಾಡಿ.

ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದ ದಿನ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಕ್ರ್ಯಾಂಕ್‌ನ ಹಿಂದಿನ ಸೀಲ್ ಎಲ್ಲವನ್ನೂ ಒಟ್ಟಿಗೆ ಹಾಕಿ. ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರುವ ಎರಡು ಭಾಗದ ಫ್ಲೈವೀಲ್) ಇದ್ದರೆ ಅದರ ಸಡಿಲ ಅಳೆದು ಕಂಪನಿಯ ಮಿತಿಗೆ ಹೋಲಿಸಿ. 1996ರಲ್ಲಿ ಬಂದ ಮೊದಲ ಪೋರ್ಷೆ ಬಾಕ್ಸ್‌ಟರ್ ಮತ್ತು ನಂತರದ 996 ತಲೆಮಾರಿನ 911 ಇದ್ದವರಿಗೆ ಐಎಂಎಸ್ (ಇಂಜಿನ್‌ನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್) ಬೇರಿಂಗ್‌ವರೆಗೆ ಕೈ ಹೋಗುವುದು ಫ್ಲೈವೀಲ್ ಬಿಚ್ಚಿದಾಗಲೇ. ಅದು ಒಡೆದರೆ ಇಡೀ ಇಂಜಿನ್ ಹೋಗುತ್ತದೆ, ಆದ್ದರಿಂದ ಕ್ಲಚ್ ಕೆಲಸದಲ್ಲೇ ಅದನ್ನೂ ಸೇರಿಸಿಕೊಳ್ಳಿ. 2006ರಿಂದ 2008ರ ದೊಡ್ಡ ಬೇರಿಂಗ್ ಇರುವ ಇಂಜಿನ್‌ಗಳಲ್ಲಿ ಇಂಜಿನ್ ಹೋಳು ಮಾಡದೆ ಅದನ್ನು ತೆಗೆಯಲಾಗದು. ಅಲ್ಲಿ ಸೀಲ್ ನೋಡಿ, ಫಿಲ್ಟರ್ ಮೇಲೆ ಕಣ್ಣಿಡುವುದಷ್ಟೇ ದಾರಿ.

ಗೇರ್ ಆಯಿಲ್ ಬಗ್ಗೆ ಒಂದೇ ಎಚ್ಚರಿಕೆ: ಜಿಎಲ್-4 ದರ್ಜೆಯ ಆಯಿಲ್ ಹೇಳಿದ ಗೇರ್‌ಬಾಕ್ಸ್‌ಗೆ ಜಿಎಲ್-5 ಇನ್ನೂ ಒಳ್ಳೆಯದಿರಬೇಕು ಅಂತ ಹಾಕಬೇಡಿ. ಅದರ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಒಗ್ಗದಿರಬಹುದು.

ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಷ್ ಬದಲಿಸಿದ ತಿಂಗಳೊಳಗೆ ಮತ್ತೆ ಹರಿಯಿತು ಅನ್ನುವ ದೂರು ತುಂಬ ಕೇಳಿಬರುತ್ತದೆ. ಬೈಯ್ಯುವುದು ಬುಷ್ ಮಾಡಿದವರನ್ನು, ತಪ್ಪು ಇರುವುದು ಬಿಗಿದ ಕೈಯಲ್ಲಿ. ಕಾರು ಲಿಫ್ಟ್ ಮೇಲಿದ್ದು ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಪೂರ್ತಿ ಬಿಗಿದರೆ, ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಂಡೇ ನಿಲ್ಲುತ್ತದೆ. ಎತ್ತಿರುವಾಗ ಸಡಿಲವಾಗಿ ಹಾಕಿ, ಚಕ್ರಗಳ ಮೇಲೆ ಭಾರ ಬಿದ್ದ ಮೇಲೆ ಟಾರ್ಕ್ ರೆಂಚ್‌ನಿಂದ ಕೊನೆಯ ಬಿಗಿತ ಕೊಡಿ. ವೀಲ್ ಅಲೈನ್‌ಮೆಂಟ್ ಅದಾದ ಮೇಲೆ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್‌ಗೆ ಇರಬೇಕಾದ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ ಸೆಲ್ಸಿಯಸ್, ಶೇ 3.7ರಷ್ಟು ನೀರು ಸೇರಿದಾಗ 155. ಜೋರಾಗಿ ಓಡಿಸುವ ಕಾರಿನ ಕ್ಯಾಲಿಪರ್ ಆ ಶಾಖ ಮುಟ್ಟಬಲ್ಲದು. ಆಗ ಆವಿಯ ಗುಳ್ಳೆ ಎದ್ದು ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಟ್ರ್ಯಾಕ್‌ಗೆ ಹೋಗುವವರು ಪ್ರತಿ ಸಲವೂ ಹೋಗುವ ಮೊದಲು. ಇಬ್ಬರು ಸೇರಿ ಪೆಡಲ್ ಒತ್ತಿ ಬ್ಲೀಡ್ ಮಾಡುವುದಾದರೆ (ಹಳೆಯ ಫ್ಲೂಯಿಡ್, ಗಾಳಿ ಹೊರಹಾಕುವುದಾದರೆ) ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಹಳೆಯ ಮಾಸ್ಟರ್ ಸಿಲಿಂಡರ್‌ನ ಆಳದಲ್ಲಿ ಸೀಲ್ ಎಂದೂ ಓಡಾಡದ ಭಾಗ ತುಕ್ಕು ಹಿಡಿದಿರುತ್ತದೆ. ಪೆಡಲ್ ಪೂರ್ತಿ ತುಳಿದರೆ ಸೀಲ್ ಅಲ್ಲಿಗೆ ಉಜ್ಜಿ ಹರಿಯುತ್ತದೆ. ಡಿಸ್ಕ್‌ನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತದೆ. ಮೈಕ್ರೋಮೀಟರ್‌ನಿಂದ ಅಳೆಯಿರಿ, ವರ್ನಿಯರ್ ಇಟ್ಟರೆ ಅಂಚಿನಲ್ಲಿ ಸವೆಯದೆ ಉಳಿದ ದಿಬ್ಬವನ್ನೇ ಅಳೆದುಬಿಡುತ್ತೀರಿ.

ಕೊನೆಯದಾಗಿ ಟೈರು. ಕಡಿಮೆ ಓಡುವ ಸ್ಪೋರ್ಟ್ಸ್ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದ ಗೋಡೆಯ ಮೇಲೆ ‘ಡಾಟ್’ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ವರ್ಷಕ್ಕೊಮ್ಮೆ ಬಿರುಕಿಗಾಗಿ ನೋಡಬೇಕು, ಹತ್ತಾಗಿದ್ದರೆ ಟೈರಿನ ಗೀರುಗಳು ಎಷ್ಟೇ ಆಳವಿದ್ದರೂ ತೆಗೆಯಬೇಕು. ಕಾರಿನೊಳಗಿನ ಕಡೆಗೆ ತಿರುಗಿದ ಗೋಡೆಯನ್ನು ಯಾರೂ ನೋಡುವುದಿಲ್ಲ. ಮುಂದಿನ ಸಲ ಕಾರು ಲಿಫ್ಟ್ ಏರಿದಾಗ ಅದನ್ನೂ, ಪಕ್ಕದಲ್ಲೇ ಇರುವ ಡ್ರೈವ್‌ಶಾಫ್ಟ್ ಬೂಟಿನ (ಕೀಲು ಮುಚ್ಚುವ ರಬ್ಬರ್ ಕವಚದ) ಮಡಿಕೆಗಳನ್ನೂ ಟಾರ್ಚ್ ಹಾಕಿ ನೋಡಿ.