ಮಣ್ಣಿನಲ್ಲೇ ಮುಗಿಸಿ

ನಮಸ್ಕಾರ. ಸಿನಿಮಾದಲ್ಲಿ ಕೆಸರಿನಿಂದ ಎದ್ದು ಬರುವ ಜೀವಿಯನ್ನು ನೋಡಿ ಎಲ್ಲರೂ ಹೆದರುತ್ತಾರೆ. ಕೆಲವರು ಮಾತ್ರ ಮನೆಗೆ ಬಂದ ಮೇಲೂ, ಆ ಮುಖವನ್ನು ಹೇಗೆ ಮಾಡಿರಬಹುದು, ಆ ಕುತ್ತಿಗೆಯ ಮಡಿಕೆ ಯಾವುದರಿಂದ ಬಂತು ಅಂತ ಯೋಚಿಸುತ್ತಾ ಕೂರುತ್ತಾರೆ. ನಾನು ಇವತ್ತು ಮಾತಾಡುವುದು ಆ ಕೆಲವರ ಜೊತೆ, ಇಂಥ ರಬ್ಬರ್ ಮುಖವಾಡ ಮಾಡುವ ಬಗ್ಗೆ. ನಿಮ್ಮ ಮೇಜಿನ ಮೇಲೆ ಈಗಾಗಲೇ ಒಂದು ಮುದ್ದೆ ಮಣ್ಣು ಇರಬಹುದು, ಮನೆಯವರು 'ಈ ಮೇಜು ಯಾವಾಗ ಖಾಲಿಯಾಗುತ್ತದೆ' ಅಂತ ಕೇಳುತ್ತಲೂ ಇರಬಹುದು. ಅವರಿಗೆ ಇನ್ನೂ ಒಂದು ತಿಂಗಳು ಅಂತ ಹೇಳಿ. ಒಂದು ವಾರ ಅಂತ ಮಾತ್ರ ಹೇಳಬೇಡಿ.

ಯಾಕೆ ಅಂತ ಹೇಳುತ್ತೇನೆ. ಈ ಕೆಲಸದ ದಾರಿ ತುಂಬಾ ಸರಳ. ಮಣ್ಣಿನಲ್ಲಿ ಮುಖ ಮಾಡುತ್ತೀರಿ. ಅದರ ಮೇಲೆ ಪ್ಲಾಸ್ಟರ್, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಅಚ್ಚು ತೆಗೆಯುತ್ತೀರಿ. ಅಚ್ಚಿನೊಳಗಿನ ಮಣ್ಣನ್ನು ಕಿತ್ತು ಹಾಕಿ, ಆ ಖಾಲಿ ಜಾಗಕ್ಕೆ ರಬ್ಬರ್ ಹಾಲು, ಅಂದರೆ ಲೇಟೆಕ್ಸ್ ಸುರಿಯುತ್ತೀರಿ. ಒಣಗಿದ ಮೇಲೆ ಸುಲಿದು ತೆಗೆದರೆ ಮುಖವಾಡ. ಅಷ್ಟೇ. ನನ್ನ ಹತ್ತಿರ ಕಲಿಯಲು ಬರುವವರು ಮೊದಲು ಕೇಳುವುದು ಯಾವ ರಬ್ಬರ್, ಯಾವ ಬಣ್ಣ, ಯಾವ ಕೂದಲು ಅಂತ. ಮಣ್ಣಿನ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಬೇಸರವಾಗುವುದು ಅಲ್ಲೇ. ಮುಖವಾಡ ಆಗುವುದು ಮಣ್ಣಿನಲ್ಲಿ, ಉಳಿದದ್ದೆಲ್ಲ ಅದರ ನಕಲು. ಅಚ್ಚು ಏನನ್ನೂ ತಿದ್ದುವುದಿಲ್ಲ, ರಬ್ಬರ್ ಏನನ್ನೂ ಮುಚ್ಚುವುದಿಲ್ಲ. ಅದಕ್ಕೇ ಮಣ್ಣಿನಲ್ಲೇ ಮುಗಿಸಿ. ಈ ಮಾತನ್ನು ಇವತ್ತು ನಾನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮನೆಯಲ್ಲಿ ಇದೆಲ್ಲ ಆಗುವ ಮಾತಾ ಅಂತ ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಸಿನಿಮಾ ಮೇಕಪ್ ಕಲಾವಿದ ರಿಕ್ ಬೇಕರ್ ಹುಡುಗನಾಗಿದ್ದಾಗ ಮನೆಯಲ್ಲೇ ಇಂಥ ಮುಖಗಳನ್ನು ಮಾಡುತ್ತಿದ್ದರು. ಆಸ್ಕರ್‌ನಲ್ಲಿ ಮೇಕಪ್‌ಗೆ ಅಂತಲೇ ಒಂದು ಖಾಯಂ ವಿಭಾಗ ಬಂದಾಗ, 1982ರಲ್ಲಿ ಅದರ ಮೊದಲ ಪ್ರಶಸ್ತಿ ಸಿಕ್ಕಿದ್ದು ಅವರಿಗೇ. ಆಮೇಲೆ ಇನ್ನೂ ಆರು ಬಂದವು. ಶುರುವಾದದ್ದು ಮಾತ್ರ ಮನೆಯಲ್ಲಿ.

ಈಗ ಮಣ್ಣು. ಎರಡು ಬಗೆ ಇದೆ, ನೀರಿನ ಜೇಡಿಮಣ್ಣು ಮತ್ತು ಎಣ್ಣೆ ಬೆರೆಸಿದ ಮಣ್ಣು. ಮೊದಲ ಸಲ ಮಾಡುವವರು ಎಣ್ಣೆ ಮಣ್ಣನ್ನೇ ತೆಗೆದುಕೊಳ್ಳಿ. ಅದು ಒಣಗುವುದಿಲ್ಲ, ಬಿರುಕು ಬಿಡುವುದಿಲ್ಲ. ಮೂರು ದಿನ ಕೆಲಸ ಬಿಟ್ಟು ಬಂದರೂ ಹಾಗೇ ಕಾಯುತ್ತಿರುತ್ತದೆ. ಸಾವಕಾಶವಾಗಿ ಕೆಲಸ ಮಾಡಲು ಬಿಡುವ ಮಣ್ಣೇ ಒಳ್ಳೆಯ ಮಣ್ಣು. ಮುಂದೆ ಎಂದಾದರೂ ಲೇಟೆಕ್ಸ್ ಬದಲು ಸಿಲಿಕೋನ್ ಅನ್ನುವ ಇನ್ನೊಂದು ಬಗೆಯ ರಬ್ಬರ್ ಬಳಸುವ ಆಸೆ ಇದ್ದರೆ ಗಂಧಕ ಇಲ್ಲದ ಮಣ್ಣನ್ನೇ ಕೇಳಿ ತೆಗೆದುಕೊಳ್ಳಿ. ಗಂಧಕ ತಾಗಿದರೆ ಕೆಲವು ಸಿಲಿಕೋನ್‌ಗಳು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿದುಬಿಡುತ್ತವೆ.

ಮಣ್ಣು ಹಚ್ಚಲು ಒಂದು ತಲೆ ಬೇಕು. ವಿಗ್ ಇಡುವ ಥರ್ಮೋಕೋಲ್ ತಲೆ ಸಾಕು ಅಂತ ಹಲವರು ಅಂದುಕೊಳ್ಳುತ್ತಾರೆ. ಅವು ಸಾಮಾನ್ಯವಾಗಿ ಮನುಷ್ಯರ ತಲೆಗಿಂತ ಚಿಕ್ಕವು. ಟೇಪ್ ತೆಗೆದುಕೊಂಡು ಹಾಕಿಕೊಳ್ಳುವವರ ತಲೆಯ ಸುತ್ತಳತೆ ನೋಡಿ. ದೊಡ್ಡವರದು 56, 57 ಸೆಂಟಿಮೀಟರ್ ಆಸುಪಾಸು ಇರುತ್ತದೆ. ಥರ್ಮೋಕೋಲ್ ತಲೆಯನ್ನು ಮೊದಲು ಆ ಅಳತೆಗೆ ತನ್ನಿ, ಆಮೇಲೆ ಜೀವಿಯ ಮುಖ ಶುರು ಮಾಡಿ. ಲೇಟೆಕ್ಸ್ ಒಣಗುವಾಗ ಸ್ವಲ್ಪ ಕುಗ್ಗುತ್ತದೆ ಬೇರೆ. ಹಾಗಾಗಿ ಎಲ್ಲೆಡೆ ಒಂದು ಬೆರಳು ದಪ್ಪ ಜಾಸ್ತಿಯೇ ಇರಲಿ. ಕಣ್ಣಿನ ಜಾಗವನ್ನು ಅಂದಾಜಿನಲ್ಲಿ ಇಡಬೇಡಿ. ನಮ್ಮ ಎರಡು ಕಣ್ಣುಗಳ ಪಾಪೆಗಳ ನಡುವೆ ಸುಮಾರು 6 ಸೆಂಟಿಮೀಟರ್ ಇರುತ್ತದೆ. ಜೀವಿಯ ಕಣ್ಣು ಎಷ್ಟು ವಿಚಿತ್ರವಾಗಿದ್ದರೂ ಒಳಗಿನವರು ನೋಡುವ ತೂತು ಅಲ್ಲೇ ಎಲ್ಲೋ ಬರಬೇಕು, ಮಡಿಕೆಯ ನೆರಳಿನಲ್ಲಾದರೂ ಸರಿ.

ಮುಖ ಮಾಡುವಾಗ ಮೊದಲು ದೊಡ್ಡ ಆಕಾರ ಸರಿಯಾಗಲಿ. ಹುಬ್ಬಿನ ಮೂಳೆ, ದವಡೆ, ಕೆನ್ನೆ. ಸುಕ್ಕು, ರಂಧ್ರ, ಹುರುಪೆಗಳೆಲ್ಲ ಕೊನೆಗೆ. ಹತ್ತು ಅಡಿ ದೂರ ನಿಂತು ನೋಡಿದಾಗ ಜೀವ ಇದೆ ಅನ್ನಿಸದಿದ್ದರೆ, ಹತ್ತಿರ ಹೋಗಿ ಸಾವಿರ ಸುಕ್ಕು ಕೆತ್ತಿದರೂ ಜೀವ ಬರುವುದಿಲ್ಲ. ಸುಕ್ಕನ್ನು ಮನಸ್ಸಿಗೆ ಬಂದ ಹಾಗೆ ಗೀಚಬೇಡಿ. ಕನ್ನಡಿ ಮುಂದೆ ಕೂತು ಹುಬ್ಬು ಏರಿಸಿ ನೋಡಿ. ಸ್ನಾಯು ಮೇಲಕ್ಕೆ ಎಳೆಯುತ್ತದೆ, ಸುಕ್ಕು ಅಡ್ಡಕ್ಕೆ ಬೀಳುತ್ತದೆ. ಜೀವಿಗೂ ಅದೇ ನಿಯಮ. ಆಮೆಯ ಕುತ್ತಿಗೆ, ಕಪ್ಪೆಯ ಗಂಟಲು, ಆನೆಯ ಕಣ್ಣಿನ ಸುತ್ತ, ಇವುಗಳ ಫೋಟೋ ಪಕ್ಕದಲ್ಲಿ ಇಟ್ಟುಕೊಳ್ಳಿ. ತಲೆಯಿಂದ ಹುಟ್ಟಿಸಿದ ಸುಕ್ಕಿಗಿಂತ ಆಮೆಯಿಂದ ತಂದ ಸುಕ್ಕು ಯಾವಾಗಲೂ ಚೆನ್ನ.

ನನಗೆ ತುಂಬಾ ಇಷ್ಟವಾದ ಒಂದು ಉಪಾಯವನ್ನೂ ಹೇಳಿಬಿಡುತ್ತೇನೆ. ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿನ ಮೇಲೆ ಎಳೆದು ಹಿಡಿದು, ಅದರ ಮೇಲಿಂದ ಮೊಂಡು ಕಡ್ಡಿಯಲ್ಲಿ ಗೆರೆ ಹಾಕಿ. ಚಾಕುವಿನಲ್ಲಿ ಕೊಯ್ದ ಹಾಗೆ ಕಾಣುವುದಿಲ್ಲ. ಗೆರೆಯ ಅಂಚು ಮೆತ್ತಗೆ ಒಳಕ್ಕೆ ಇಳಿಯುತ್ತದೆ, ನಿಜವಾದ ಚರ್ಮದ ಮಡಿಕೆಯ ಹಾಗೆ. ಮೊದಲ ಸಲ ಇದನ್ನು ಮಾಡಿ ಹಾಳೆ ಎತ್ತಿ ನೋಡಿದ ದಿನ ನಾನು ರಾತ್ರಿ ಊಟಕ್ಕೆ ಏಳಲಿಲ್ಲ.

ಈಗ ನನ್ನ ಮೊದಲ ಮುಖವಾಡದ ಕಥೆ. ಹಲ್ಲಿಯ ಮುಖದ ಮನುಷ್ಯ ಅದು. ಎರಡು ವಾರ ದಿನಾ ಸಂಜೆ ಕೂತು ಮಾಡಿದ್ದೆ. ಹಣೆಯ ಮೇಲೆ ಸಾಲು ಸಾಲು ಹುರುಪೆ, ಗಂಟಲಲ್ಲಿ ಜೋಲುವ ಚರ್ಮ. ಶನಿವಾರ ಬೆಳಿಗ್ಗೆ ಪ್ಲಾಸ್ಟರ್ ಹಾಕುವುದು ಅಂತ ಗೊತ್ತು ಮಾಡಿದ್ದೆ, ಸಹಾಯಕ್ಕೆ ಗೆಳೆಯನನ್ನೂ ಕರೆದಿದ್ದೆ. ಶುಕ್ರವಾರ ರಾತ್ರಿ ಕರೆಂಟ್ ಹೋಯಿತು. ಟಾರ್ಚ್ ಹಿಡಿದು ಆ ಮುಖದ ಪಕ್ಕದಿಂದ ಹಾದು ಹೋಗುವಾಗ, ಬೆಳಕು ಅಡ್ಡಲಾಗಿ ಬಿದ್ದಾಗ ಕಂಡಿತು. ಎಡ ಮೂಗಿನ ಹೊಳ್ಳೆಯ ಪಕ್ಕ ನನ್ನ ಹೆಬ್ಬೆರಳಿನ ಗುರುತು. ಚಿಕ್ಕದು. ಅದರ ಮೇಲೆ, ಕಣ್ಣಿನ ಕೆಳಗೆ, ಕೆನ್ನೆ ಚಪ್ಪಟೆಯಾಗಿ ಸತ್ತ ಹಾಗೆ ಇತ್ತು. ಎರಡು ವಾರ ದೀಪದ ನೇರ ಬೆಳಕಿನಲ್ಲಿ ಕೂತಿದ್ದ ನನಗೆ ಎರಡೂ ಕಂಡಿರಲಿಲ್ಲ. ಸರಿ ಮಾಡಲು ಒಂದು ಗಂಟೆ ಸಾಕಿತ್ತು. ಆದರೆ ನನಗೆ ರಬ್ಬರ್ ನೋಡುವ ಆತುರ. ಬಣ್ಣ ಹಚ್ಚಿದರೆ ಮುಚ್ಚಿಹೋಗುತ್ತದೆ ಅಂದುಕೊಂಡು ಮಲಗಿದೆ.

ಶನಿವಾರ ಪ್ಲಾಸ್ಟರ್ ಹಾಕಿದೆವು. ಅಚ್ಚು ಎಷ್ಟು ಭಾರವಾಯಿತು ಅಂದರೆ ಇಬ್ಬರು ಹಿಡಿದು ತಿರುಗಿಸಬೇಕಾಯಿತು. ಅದನ್ನು ಬಿಡಿಸಿ, ಮಣ್ಣು ಕಿತ್ತು, ತೊಳೆದು, ಒಂದು ವಾರ ಒಣಗಿಸಿ, ಲೇಟೆಕ್ಸ್ ಸುರಿದು, ಮತ್ತೆ ಎರಡು ದಿನ ಕಾದೆ. ಪೌಡರ್ ಹಾಕಿ ಮೆಲ್ಲಗೆ ಸುಲಿದಾಗ ಆ ಮುಖ ಒಳಗಿಂದ ಈಚೆಗೆ ಬಂದ ರೀತಿ ಇದೆಯಲ್ಲ, ಅದನ್ನು ಮಾತಿನಲ್ಲಿ ಹೇಳಲು ಆಗುವುದಿಲ್ಲ. ಹಾಲಿನ ಬಣ್ಣದ ರಬ್ಬರ್ ಒಣಗಿ ಹಳದಿಗೆ ತಿರುಗಿತ್ತು. ಹೆಬ್ಬೆರಳ ಗುರುತು ಎಲ್ಲೂ ಕಾಣಲಿಲ್ಲ. ನೋಡು, ನಾನು ಹೇಳಿದ್ದೇ ಸರಿ ಅಂತ ಸಂತೋಷಪಟ್ಟೆ. ಮೇಲೆ ಹಸಿರು ಹಚ್ಚಿದೆ. ಆಮೇಲೆ ಮಡಿಕೆಗಳು ಎದ್ದು ಕಾಣಲಿ ಅಂತ ಕಡು ಕಂದು ಬಣ್ಣವನ್ನು ನೀರಾಗಿಸಿ ಹರಿಬಿಟ್ಟು ಬಟ್ಟೆಯಿಂದ ಒರೆಸಿದೆ. ಇದನ್ನು ಎಲ್ಲರೂ ಮಾಡುತ್ತಾರೆ, ಮಾಡಲೇಬೇಕು. ಬಣ್ಣ ಎಲ್ಲ ಹಳ್ಳಕ್ಕೂ ಇಳಿಯಿತು. ಹುರುಪೆಗಳ ನಡುವೆ ಇಳಿಯಿತು, ಗಂಟಲ ಮಡಿಕೆಗೆ ಇಳಿಯಿತು, ಮೂಗಿನ ಪಕ್ಕದ ಹೆಬ್ಬೆರಳಿಗೂ ಇಳಿಯಿತು. ಗೆರೆ ಗೆರೆಯಾಗಿ, ದಾಖಲೆ ಪತ್ರಕ್ಕೆ ಒತ್ತಿದ ಹಾಗೆ. ಸಂಜೆ ಅಕ್ಕನ ಮಗಳು ಬಂದಳು, ಆರು ವರ್ಷದವಳು. ಆ ಹುರುಪೆ, ಆ ಗಂಟಲು ಯಾವುದನ್ನೂ ನೋಡಲಿಲ್ಲ. ನೇರ ಹೋಗಿ ಮೂಗಿನ ಪಕ್ಕ ಬೆರಳಿಟ್ಟು, "ಮಾಮಾ, ಇದು ನಿನ್ನ ಬೆರಳು ಅಲ್ವಾ?" ಅಂದಳು.

ಆ ಅಚ್ಚು ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಎಷ್ಟು ಸಲ ಎರಕ ಹೊಯ್ದರೂ ಅಷ್ಟು ಸಲವೂ ಆ ಬೆರಳು ಬರುತ್ತದೆ. ಅದಕ್ಕೇ ಹೇಳುವುದು, ಮಣ್ಣಿನಲ್ಲೇ ಮುಗಿಸಿ. ಮುಗಿಯಿತು ಅನ್ನಿಸಿದ ದಿನ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು, ಮುಖದ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ. ಕಂಡದ್ದನ್ನೆಲ್ಲ ಸರಿ ಮಾಡಿ. ಮಾರನೆಯ ದಿನ ಮತ್ತೆ ನೋಡಿ.

ಈ ಕಥೆಗೇ ಜಾಸ್ತಿ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಚ್ಚು ಎರಡು ಭಾಗದ್ದು, ಮುಂದಿನದು ಮತ್ತು ಹಿಂದಿನದು. ನೆತ್ತಿಯಿಂದ ಕಿವಿಯ ಹಿಂದೆ ಇಳಿದು ಭುಜದವರೆಗೆ ಮಣ್ಣಿನದೇ ಒಂದು ಗೋಡೆ ಕಟ್ಟಿ. ಕಿವಿಯ ಹಿಂದೆ ಯಾಕೆಂದರೆ ಎರಡು ಭಾಗ ಕೂಡುವ ಗೆರೆ ರಬ್ಬರ್ ಮೇಲೂ ಮೂಡುತ್ತದೆ, ಅದು ಮುಂದೆ ಕಾಣಬಾರದು. ಗೋಡೆಯ ಮೇಲೆ ನಾಲ್ಕೈದು ಗುಂಡಗಿನ ಗುಳಿ ಮಾಡಿ. ಆಮೇಲೆ ಎರಡು ಭಾಗ ಜಾರದೆ ಒಂದಕ್ಕೊಂದು ಕೂರುವುದು ಇವುಗಳಿಂದಲೇ.

ಪ್ಲಾಸ್ಟರನ್ನು ನೀರಿಗೆ ಉದುರಿಸಿ. ಪ್ಲಾಸ್ಟರ್ ಮೇಲೆ ನೀರು ಸುರಿಯಬೇಡಿ, ಗಂಟಾಗುತ್ತದೆ. ಪುಡಿ ಮುಳುಗುವುದು ನಿಂತು ಮೇಲೆ ಒಣ ದ್ವೀಪಗಳ ಹಾಗೆ ಉಳಿಯುವವರೆಗೆ ಉದುರಿಸಿ. ಎರಡು ನಿಮಿಷ ಸುಮ್ನೆ ಬಿಟ್ಟು, ಆಮೇಲೆ ಗಾಳಿ ಸೇರದ ಹಾಗೆ ಕಲಸಿ. ಮೊದಲ ಪದರವನ್ನು ಮೃದು ಬ್ರಷ್‌ನಲ್ಲಿ ತೆಳುವಾಗಿ, ಪ್ರತಿ ಸುಕ್ಕಿನೊಳಕ್ಕೂ ಹಚ್ಚಿ, ಬಾಯಲ್ಲಿ ಊದಿ ಗುಳ್ಳೆ ಒಡೆಯಿರಿ. ಇಲ್ಲಿ ಉಳಿದ ಒಂದೊಂದು ಗುಳ್ಳೆಯೂ ಮುಖವಾಡದ ಮೇಲೆ ಒಂದೊಂದು ನರುಲಿ. ಮುಂದಿನ ಪದರಗಳಲ್ಲಿ ಗೋಣಿಬಟ್ಟೆಯ ತುಂಡುಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಹಾಸಿ, ಅಚ್ಚಿಗೆ ಶಕ್ತಿ ಬರುವುದು ಅದರಿಂದ. ಮೊದಲ ಭಾಗ ಗಟ್ಟಿಯಾದ ಮೇಲೆ ಮಣ್ಣಿನ ಗೋಡೆ ತೆಗೆದು, ಪ್ಲಾಸ್ಟರ್ ಅಂಚಿಗೆ ವ್ಯಾಸಲೀನ್ ಹಚ್ಚಿ, ಹಿಂದಿನ ಭಾಗ ಮಾಡಿ. ವ್ಯಾಸಲೀನ್ ಮರೆತರೆ ಎರಡು ಭಾಗ ಒಂದಾಗಿಬಿಡುತ್ತವೆ, ಒಡೆಯುವುದೊಂದೇ ದಾರಿ.

ಒಂದು ಮಾತು ಮಾತ್ರ ಆತುರದಲ್ಲಿ ಹೇಳುವುದಿಲ್ಲ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ದಪ್ಪಗಿದ್ದರೆ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗುತ್ತದೆ. ಕೈಯನ್ನಾಗಲಿ ಮುಖವನ್ನಾಗಲಿ ಪ್ಲಾಸ್ಟರ್ ಮುದ್ದೆಯೊಳಗೆ ಇಡಬೇಡಿ, ಯಾವ ಕಾರಣಕ್ಕೂ ಇಡಬೇಡಿ. ಹಾಗೆ ಮಾಡಿ ಬೆರಳು ಕಳೆದುಕೊಂಡವರು ಇದ್ದಾರೆ. ಜೀವಂತ ಮುಖದ ಅಚ್ಚು ಬೇಕಾದರೆ ಅದಕ್ಕೆ ಅಲ್ಜಿನೇಟ್ ಇದೆ, ಹಲ್ಲಿನ ಡಾಕ್ಟರ್ ಹಲ್ಲಿನ ಅಳತೆಗೆ ಬಳಸುವಂಥದ್ದು. ಅದನ್ನೂ ಒಬ್ಬರೇ ಮಾಡಬೇಡಿ, ಮೂಗಿನ ತೂತುಗಳನ್ನು ಕಾಯಲೆಂದೇ ಒಬ್ಬರು ಪಕ್ಕದಲ್ಲಿ ಇರಲಿ. ಪ್ಲಾಸ್ಟರ್ ಕಲಸಿದ ನೀರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೂ ಅದು ಕಲ್ಲಾಗುತ್ತದೆ.

ಇನ್ನು ಲೇಟೆಕ್ಸ್. ಅಚ್ಚಿನ ಒಳಗೆ ಎಣ್ಣೆಯನ್ನಾಗಲಿ ಬಣ್ಣವನ್ನಾಗಲಿ ಹಚ್ಚಬೇಡಿ. ಒಣಗಿದ ಪ್ಲಾಸ್ಟರ್ ಲೇಟೆಕ್ಸಿನ ನೀರನ್ನು ಹೀರಿಕೊಳ್ಳುತ್ತದೆ, ರಬ್ಬರ್ ಗೋಡೆಗೆ ಪದರವಾಗಿ ಕಟ್ಟುತ್ತದೆ. ಆ ಸಣ್ಣ ರಂಧ್ರಗಳನ್ನು ಮುಚ್ಚಿದರೆ ಕೆಲಸ ಕೆಟ್ಟಿತು. ಎರಡು ಭಾಗ ಬಿಗಿದು ಕಟ್ಟಿ, ಹೊರಗಿನ ಸಂದಿಗೆ ಮಣ್ಣು ಮೆತ್ತಿ, ತಲೆಕೆಳಗಾಗಿ ನಿಲ್ಲಿಸಿ, ಕುತ್ತಿಗೆಯ ಕಡೆಯಿಂದ ಒಂದು ಬದಿಗೆ ತೆಳ್ಳಗೆ ಸುರಿಯಿರಿ. ಮೂಗು, ಕಿವಿ, ಕೊಂಬುಗಳಲ್ಲಿ ಗಾಳಿ ಸಿಕ್ಕಿಕೊಳ್ಳದ ಹಾಗೆ ಅಚ್ಚನ್ನು ಆಚೀಚೆ ವಾಲಿಸಿ, ಆಮೇಲೆ ಕಂಠದವರೆಗೆ ತುಂಬಿಸಿ. ಅಚ್ಚಿನ ಬಾಯಿಯ ಅಂಚಿನಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪ ಕಟ್ಟಿದ್ದು ಕಂಡ ಮೇಲೆ ಉಳಿದದ್ದನ್ನು ಡಬ್ಬಿಗೆ ವಾಪಸ್ ಸುರಿಯಿರಿ. ಅಮೋನಿಯಾ ವಾಸನೆ ಜೋರಾಗಿರುತ್ತದೆ, ಕಿಟಕಿ ತೆರೆದಿರಲಿ. ರಬ್ಬರ್ ಅಲರ್ಜಿ ಇರುವವರು ಇದರಿಂದ ದೂರ ಇರಿ. ಪೂರ್ತಿ ಒಣಗಿದ ಮೇಲೆ ಒಳಗೆಲ್ಲ ಟಾಲ್ಕಮ್ ಪೌಡರ್ ಉದುರಿಸುತ್ತಾ ಸುಲಿಯಿರಿ. ಪೌಡರ್ ಇಲ್ಲದಿದ್ದರೆ ಹೊಸ ರಬ್ಬರ್ ತನಗೆ ತಾನೇ ಅಂಟಿಕೊಳ್ಳುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ.

ಬಣ್ಣದ ಬಗ್ಗೆ ಹೇಳುವುದು ತುಂಬಾ ಇತ್ತು, ಒಂದೇ ಹೇಳುತ್ತೇನೆ. ಬರಿಯ ಅಕ್ರಿಲಿಕ್ ಬಣ್ಣ ಹಚ್ಚಿದರೆ ರಬ್ಬರ್ ಬಾಗಿದಾಗ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಬಣ್ಣಕ್ಕೆ ಸ್ವಲ್ಪ ಲೇಟೆಕ್ಸನ್ನೇ ಬೆರೆಸಿ ಮೊದಲ ಪದರ ಹಚ್ಚಿ. ಮುಗಿದ ಮುಖವಾಡವನ್ನು ಬಿಸಿಲಿಗೆ ಇಡಬೇಡಿ, ಒಳಗೆ ಏನಾದರೂ ತುಂಬಿ ನೆರಳಿನಲ್ಲಿ ಇಡಿ.

ಇವತ್ತು ರಾತ್ರಿ ನಿಮ್ಮ ಮೇಜಿನ ಮೇಲೆ ಮಣ್ಣಿನ ಮುಖ ಇದ್ದರೆ, ಮಲಗುವ ಮುಂಚೆ ದೀಪ ಆರಿಸಿ ಒಂದು ಸಲ ಟಾರ್ಚ್ ಹಿಡಿದು ನೋಡಿ. ಎಡ ಮೂಗಿನ ಪಕ್ಕ ಮೊದಲು ನೋಡಿ. ನಮಸ್ಕಾರ.